ಉಗುರು, ಜಡೆ, ರಿಬ್ಬನ್ನು

ಅಕ್ಕನ ಮಗಳು ಈ ವರ್ಷ ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗಿಗೆ ಸೇರಿದಳು. ಫೀಸು ಕಟ್ಟಿ ಬಂದ ಸಂಜೆಯೇ ಅಕ್ಕ ಕಾಲೇಜಿನವರು ಕೊಟ್ಟ ನಿಯಮಗಳ ಪಟ್ಟಿಯ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದಳು. ಕೆಳಗೆ ಒಂದೇ ಸಾಲು: "ಎಂಥ ಶಿಸ್ತು ನೋಡು ಮಾರಾಯ್ತಿ, ನನಗೆ ಸಮಾಧಾನ ಆಯ್ತು." ಫೋಟೋ ದೊಡ್ಡದು ಮಾಡಿ ಓದಿದೆ. ಉಗುರು ಕತ್ತರಿಸಿರಬೇಕು. ಬಣ್ಣ ಹಚ್ಚಬಾರದು. ಉಂಗುರ, ಬಳೆ, ಕಾಲ್ಗೆಜ್ಜೆ ಇಲ್ಲ. ಕ್ಲಾಸಿಗೆ ಎರಡು ಜಡೆ, ಮಡಚಿ ಕಪ್ಪು ರಿಬ್ಬನ್ನು ಕಟ್ಟಿರಬೇಕು. ವಾರ್ಡಿಗೆ ತುರುಬು, ಅದರ ಮೇಲೆ ಬಲೆ. ಹೂವು ಮುಡಿಯಬಾರದು. ಕಿವಿಗೆ ಚಿಕ್ಕ ಓಲೆ ಮಾತ್ರ. ಹೊರಗೆ ಹೋಗುವಾಗ ಚೂಡಿದಾರ್, ಶಾಲಿಗೆ ಎರಡೂ ಹೆಗಲಲ್ಲಿ ಪಿನ್ನು. ಜೀನ್ಸ್ ಇಲ್ಲ, ಲೆಗ್ಗಿಂಗ್ಸ್ ಇಲ್ಲ. ತಪ್ಪಿದರೆ ದಂಡ. ನಾನು ನರ್ಸಿಂಗ್ ಓದುವಾಗ ಕೊಟ್ಟಿದ್ದ ಪಟ್ಟಿಗೂ ಇದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ. ಲೆಗ್ಗಿಂಗ್ಸ್ ಮಾತ್ರ ಹೊಸದು. ನಮ್ಮ ಕಾಲದಲ್ಲಿ ನಿಷೇಧ ಮಾಡುವುದಕ್ಕೆ ಅದು ಇರಲಿಲ್ಲ.

ಅವತ್ತಿನಿಂದ ಆ ಫೋಟೋ ತಲೆಯಲ್ಲಿ ಕೊರೆಯುತ್ತಾ ಇದೆ. ನಿಯಮ ಬಿಗಿಯಾಯಿತು ಎಂದು ನನ್ನ ತಕರಾರಲ್ಲ. ಗಡಿಯ ಈಚೆ, ಕಾಸರಗೋಡು ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ನಾನು ಕೆಲಸ ಮಾಡುವುದು. ವಿದ್ಯಾರ್ಥಿಗಳು ಪೋಸ್ಟಿಂಗಿಗೆ, ಅಂದರೆ ವಾರ್ಡಿನಲ್ಲಿ ಕೆಲಸ ಕಲಿಯಲು, ಬರುತ್ತಾರೆ. ಉಗುರು ಬಿಟ್ಟುಕೊಂಡು ಬಂದವಳನ್ನು ನಾನೇ ವಾಪಸ್ ಕಳಿಸುತ್ತೇನೆ, ಮುಲಾಜಿಲ್ಲದೆ. ಕೊರೆಯುವುದು ಬೇರೆ. ಉಗುರಿನ ಮಾತೂ ಜೀನ್ಸಿನ ಮಾತೂ ಒಂದೇ ಹಾಳೆಯಲ್ಲಿ, ಒಂದೇ ದನಿಯಲ್ಲಿ, ಒಂದೇ ದಂಡಕ್ಕೆ ಕಟ್ಟಿ ಇಟ್ಟಿದ್ದಾರಲ್ಲ, ಅದು. ಮತ್ತೆ ಅಕ್ಕನಿಗೆ ಆದ ಆ ಸಮಾಧಾನ. ಪಟ್ಟಿ ಕೊಟ್ಟದ್ದು ಮಗಳಿಗೆ. ಸಮಾಧಾನ ಆದದ್ದು ಅಮ್ಮನಿಗೆ.

ಅಪ್ಪನ ಕಪಾಟು

ನಮ್ಮದು ಪೆರ್ಲದ ಹತ್ತಿರ. ನಾನು ಕನ್ನಡ ಮೀಡಿಯಂ ಶಾಲೆಯಲ್ಲಿ ಓದಿದವಳು. ನಮ್ಮ ಕಡೆಯ ಹುಡುಗಿಯರಿಗೆ ನರ್ಸಿಂಗ್ ಅಂದರೆ ಮಂಗಳೂರು, ಮಂಗಳೂರು ಅಂದರೆ ಹಾಸ್ಟೆಲ್ಲು. 1956ರಲ್ಲಿ ನಾವು ಕೇರಳಕ್ಕೆ ಸೇರಿದರೂ ಕಾಯಿಲೆಗೆ, ಕಾಲೇಜಿಗೆ, ಮದುವೆ ಸೀರೆಗೆ ಹೋಗುವುದು ತಲಪಾಡಿಯ ಗಡಿ ದಾಟಿಯೇ ಅಲ್ವಾ. ನನಗೆ ಸೀಟು ಸಿಕ್ಕಿದಾಗ ಊರಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ನರ್ಸಿಂಗಾ? ರಾತ್ರಿ ಡ್ಯೂಟಿ ಎಲ್ಲ ಉಂಟಲ್ಲ?" ಆ ಪ್ರಶ್ನೆಯೊಳಗೆ ಏನೇನು ಅಡಗಿದೆ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪ ಉತ್ತರ ಕೊಡುತ್ತಿರಲಿಲ್ಲ. ಒಳಗೆ ಹೋಗಿ ಕಪಾಟಿನಿಂದ ಆ ನಿಯಮಗಳ ಹಾಳೆ ತರುತ್ತಿದ್ದರು. ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದರು. ಇಂಗ್ಲಿಷಿನಲ್ಲಿದ್ದದ್ದನ್ನು ಒಂದೊಂದಾಗಿ ಕನ್ನಡದಲ್ಲಿ ಹೇಳಿ, "ಭಾನುವಾರ ಚರ್ಚಿನ ಗೇಟಿನಿಂದ ಆಚೆ ಬಿಡುವುದಿಲ್ಲವಂತೆ" ಎಂದು ಇಲ್ಲದ್ದನ್ನೂ ಸೇರಿಸಿ ಮುಗಿಸುತ್ತಿದ್ದರು. ಬಂದವರು ತಲೆದೂಗಿ ಮಜ್ಜಿಗೆ ಕುಡಿದು ಹೋಗುತ್ತಿದ್ದರು.

ಅಜ್ಜಿಯ ದಾರಿಯೇ ಬೇರೆ. ಮೊದಲ ರಜೆಗೆ ಬಂದಾಗ ಯೂನಿಫಾರ್ಮ್ ಹಾಕಿ ತೋರಿಸು ಎಂದು ಎಲ್ಲರೂ ಹಿಡಿದರು. ಹಾಕಿದೆ. ಬಿಳಿ ಕೋಟು, ತುರುಬು, ಬಲೆ. ಬಳೆ ಇಲ್ಲ, ಹೂವಿಲ್ಲ, ಬಿಂದಿ ಇಲ್ಲ. ತಂಗಿಯರು ನಕ್ಕರು. ಅಜ್ಜಿ ಚಾವಡಿಯ ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದವರು ಕತ್ತಿ ಬಿಟ್ಟು ನೋಡಿದರು. ಕೈ ನೋಡಿದರು, ಹಣೆ ನೋಡಿದರು. ಏನೂ ಅನ್ನಲಿಲ್ಲ. ಹಣೆ ಬೋಳು, ಕೈ ಬೋಳು ಎಂಬ ಮಾತನ್ನು ಹೆಣ್ಣುಮಕ್ಕಳಿಗೆ ಯಾವ ಹೊತ್ತಿನಲ್ಲಿ ಹೇಳುತ್ತಾರೆ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವರೇ ಅದನ್ನು ಮೂವತ್ತು ದಾಟುವ ಮೊದಲೇ ಕೇಳಿದವರು. ಸ್ವಲ್ಪ ಹೊತ್ತು ಬಿಟ್ಟು ಒಳಗಿನಿಂದ ಹಸಿರು ಗಾಜಿನ ಬಳೆ ತಂದರು. ಗಿಡದಿಂದ ಅಬ್ಬಲಿಗೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಆ ಬಲೆಯ ಮೇಲೆಯೇ ಸಿಕ್ಕಿಸಿದರು. "ಅಲ್ಲಿ ಬೇಡ ಅಂದರೆ ಬೇಡ. ಇಲ್ಲಿ ನಾನಿದ್ದೇನೆ" ಅಂದರು. ರಜೆ ಮುಗಿಯುವ ತನಕ ಬಳೆ ತೆಗೆಯಲು ಬಿಡಲಿಲ್ಲ.

ಹಾಗಾಗಿ ಒಂದೇ ಪಟ್ಟಿ ನಮ್ಮ ಮನೆಯಲ್ಲಿ ಅಪ್ಪನಿಗೆ ಮಗಳ ಮಾನದ ರಸೀದಿ, ಅಜ್ಜಿಗೆ ಅಪಶಕುನ. ಇಬ್ಬರಲ್ಲಿ ಯಾರಿಗೂ ಅದರಲ್ಲಿ ರೋಗಿ ಕಾಣಲಿಲ್ಲ. ಕಾಣುವ ಹಾಗೆ ಅದನ್ನು ಬರೆದಿರಲೂ ಇಲ್ಲ.

ಕಾರಿಡಾರು

ಬೆಳಗ್ಗೆ ಡ್ಯೂಟಿಗೆ ಹೋಗುವ ಮೊದಲು ಹಾಸ್ಟೆಲ್ಲಿನ ಕಾರಿಡಾರಿನಲ್ಲಿ ಸಾಲಾಗಿ ನಿಲ್ಲಬೇಕು. ಕೈ ಮುಂದೆ ಚಾಚಬೇಕು, ಅಂಗೈ ಮೇಲೆ. ಅಂಗೈ ಕಡೆಯಿಂದ ನೋಡಿದಾಗ ಬೆರಳ ತುದಿಯ ಆಚೆ ಉಗುರು ಕಂಡರೆ ಹತ್ತು ರೂಪಾಯಿ. ಆಮೇಲೆ ತಿರುಗಿ ನಿಲ್ಲಬೇಕು. ತುರುಬಿನಿಂದ ಕೂದಲು ಹೊರಗೆ ಬಂದಿದೆಯೋ, ಬಲೆ ಕಪ್ಪು ಬಣ್ಣದ್ದೋ ಕಂದೋ, ಶೂ ಬಿಳಿ ಇದೆಯೋ, ಒಳಗಿನ ಶಿಮ್ಮೀಸು ಬಿಳಿಯೋ ಅಲ್ಲವೋ. ಕೊನೆಯದ್ದನ್ನು ಹೇಗೆ ನೋಡುತ್ತಿದ್ದರು ಎಂದು ಬರೆಯುವುದಿಲ್ಲ. ನರ್ಸಿಂಗ್ ಓದಿದವರಿಗೆ ಗೊತ್ತು.

ನನ್ನ ಪಕ್ಕ ನಿಲ್ಲುತ್ತಿದ್ದವಳ ಕೂದಲು ಗುಂಗುರು. ಗುಂಗುರು ಅಂದರೆ ಬಾಚಣಿಗೆ ಮುರಿಯುವಷ್ಟು. ತೆಂಗಿನೆಣ್ಣೆ ಹಾಕಿ, ನೀರು ಹಾಕಿ, ಎಷ್ಟು ಪಿನ್ನು ಚುಚ್ಚಿದರೂ ಕಿವಿಯ ಹತ್ತಿರ ನಾಲ್ಕು ಎಳೆ ಎದ್ದು ನಿಲ್ಲುತ್ತಿತ್ತು. ಅವಳಿಗೆ ಬಿದ್ದಷ್ಟು ದಂಡ ನಮ್ಮ ಬ್ಯಾಚಿನಲ್ಲಿ ಇನ್ಯಾರಿಗೂ ಬಿದ್ದಿಲ್ಲ. "ಮನೆಯಲ್ಲಿ ಬಾಚಲು ಕಲಿಸಲಿಲ್ಲವಾ" ಎಂಬ ಮಾತು ಬೇರೆ. ನೆಟ್ಟಗಿನ ಕೂದಲಿನವರು ಬರೆದ ನಿಯಮ ಅದು, ಸುಮ್ನೆ ನೋಡಿದರೂ ಗೊತ್ತಾಗುತ್ತದೆ. ಅವಳು ಮಾತ್ರ ವಾರ್ಡಿನಲ್ಲಿ ಒಬ್ಬರಿಂದ ಇನ್ನೊಬ್ಬರ ಹತ್ತಿರ ಹೋಗುವಾಗ ಕೈ ತೊಳೆಯದೆ ಹೋದದ್ದನ್ನು ನಾನು ನೋಡಿಲ್ಲ. ಅದಕ್ಕೆ ಯಾರೂ ಬಹುಮಾನ ಕೊಡಲಿಲ್ಲ, ಯಾಕೆಂದರೆ ಅದನ್ನು ಯಾರೂ ನೋಡುತ್ತಿರಲಿಲ್ಲ. ತಪಾಸಣೆ ಹಾಸ್ಟೆಲ್ಲಿನ ಬಾಗಿಲಲ್ಲಿ ಮುಗಿಯುತ್ತಿತ್ತು. ವಾರ್ಡಿನ ನಲ್ಲಿಯ ಹತ್ತಿರ ಯಾರೂ ಇರುತ್ತಿರಲಿಲ್ಲ. ಎಷ್ಟೋ ದಿನ ಆ ನಲ್ಲಿಯ ಹತ್ತಿರ ಸೋಪು ಕೂಡ ಇರುತ್ತಿರಲಿಲ್ಲ.

ರೂಮಿನಲ್ಲಿ ಉಪ್ಪಳ ಕಡೆಯ ಬ್ಯಾರಿ ಮುಸ್ಲಿಂ ಹುಡುಗಿ ಒಬ್ಬಳಿದ್ದಳು. ಪೋಸ್ಟಿಂಗಿಗೆ ತಲೆಬಟ್ಟೆ ತೆಗೆಯಬೇಕು ಅಂದರು. ಅಂದವರು ಕನ್ಯಾಸ್ತ್ರೀ, ಅವರ ತಲೆಯ ಮೇಲೂ ಬಟ್ಟೆ ಇತ್ತು. ಅವಳು ಎದುರು ಮಾತಾಡಲಿಲ್ಲ. ತೆಗೆದಳು, ವಾರ್ಡಿನಲ್ಲಿ ಕೆಲಸ ಮಾಡಿದಳು, ವಾಪಸ್ ಬರುವಾಗ ಲಿಫ್ಟಿನಲ್ಲಿಯೇ ಹಾಕಿಕೊಂಡಳು. ನಮಗೆ ಆಗ ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ. ಅವಳಿಗೆ ಕಂಡಿರಬೇಕು.

ಇಷ್ಟೆಲ್ಲ ಒಂದೇ ಅಚ್ಚಿಗೆ ಹಾಕಿದರೂ ವಾರ್ಡಿನಲ್ಲಿ ಬಾಯಿ ಬಿಟ್ಟ ಕೂಡಲೇ ಯಾರು ಯಾವ ಊರಿನವರು ಎಂದು ರೋಗಿಗಳು ಹಿಡಿದುಬಿಡುತ್ತಿದ್ದರು. ನಮ್ಮ ಕಡೆಯ ಹುಡುಗಿಯರಿಗೆ ತುಳು, ಮಲಯಾಳ, ಕನ್ನಡ ಮೂರೂ ಬರುತ್ತದೆ. ಹಾಸ್ಟೆಲ್ಲಿನಲ್ಲಿ ಮಾತ್ರ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ದಂಡ. ಅದೂ ಪಟ್ಟಿಯಲ್ಲಿತ್ತು.

ಉಂಗುರ

ಉಗುರಿನ ನಿಯಮ ನನಗೆ ಅರ್ಥ ಆದದ್ದು ಕಾರಿಡಾರಿನಲ್ಲಿ ಅಲ್ಲ. ಹೆಂಗಸರ ಮೆಡಿಕಲ್ ವಾರ್ಡಿನಲ್ಲಿ ಕುಂಬಳೆ ಕಡೆಯ ಒಬ್ಬರು ಅಜ್ಜಿ ಇದ್ದರು. ದಮ್ಮಿನ ಕಾಯಿಲೆ. ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದವರು. ಆ ಮಾತ್ರೆ ಜಾಸ್ತಿ ದಿನ ತಿಂದರೆ ಚರ್ಮ ತೆಳ್ಳಗಾಗುತ್ತದೆ, ಮುಟ್ಟಿದಲ್ಲಿ ನೀಲಿಗಟ್ಟುತ್ತದೆ. ಪಾಠದಲ್ಲಿ ಓದಿದ್ದೆವು, ಪರೀಕ್ಷೆಯಲ್ಲಿ ಬರೆದಿದ್ದೆವು. ಬೆನ್ನಿಗೆ ಹುಣ್ಣಾಗಬಾರದು ಎಂದು ಎರಡು ಗಂಟೆಗೊಮ್ಮೆ ಅವರನ್ನು ಮಗ್ಗುಲು ತಿರುಗಿಸಬೇಕು. ಒಂದು ಮಧ್ಯಾಹ್ನ ನಾವು ಇಬ್ಬರು ವಿದ್ಯಾರ್ಥಿಗಳು ಒಂದು ಕಡೆ, ವಾರ್ಡಿನ ಹಿರಿಯ ಸಿಸ್ಟರ್ ಇನ್ನೊಂದು ಕಡೆ. ಸಿಸ್ಟರ್ ಕೈಯಲ್ಲಿ ಕಲ್ಲಿನ ಉಂಗುರ. ನಿಯಮ ವಿದ್ಯಾರ್ಥಿಗಳಿಗೆ, ಅವರಿಗಲ್ಲ. ತಿರುಗಿಸುವಾಗ ಕಲ್ಲು ಅಜ್ಜಿಯ ಮೊಣಕೈ ಕೆಳಗೆ ಸಿಕ್ಕಿತು. ಚರ್ಮ ಹಾಲಿನ ಕೆನೆಯ ಹಾಗೆ ಸರಿದು ಬಂತು.

ರಕ್ತ ಜಾಸ್ತಿ ಬರಲಿಲ್ಲ. ಅಜ್ಜಿ ಕಿರುಚಲೂ ಇಲ್ಲ. ನನ್ನ ಕಡೆ ನೋಡಿ, "ಉಗುರು ತೆಗೆಯುವುದಿಲ್ಲವಾ ಮಗಾ?" ಅಂದರು. ಯೂನಿಫಾರ್ಮಿನಲ್ಲಿ ಚಿಕ್ಕವಳು ನಾನು, ತಪ್ಪು ನನ್ನದೇ ಇರಬೇಕು ಎಂದು ಅವರಿಗೆ ಅನ್ನಿಸಿತು. ಹಿರಿಯ ಸಿಸ್ಟರ್ ಸುಮ್ಮನಿರಬಹುದಿತ್ತು. "ಅವಳಲ್ಲ ಅಜ್ಜಿ, ನನ್ನ ಉಂಗುರ ತಾಗಿದ್ದು" ಅಂದರು. ಸಲೈನಿನಲ್ಲಿ ತೊಳೆದು, ಸರಿದ ಚರ್ಮವನ್ನು ಒದ್ದೆ ಗಾಜ್ ಬಟ್ಟೆಯಿಂದ ಮೆಲ್ಲ ವಾಪಸ್ ಜಾಗಕ್ಕೆ ತಂದು, ಅಂಟಿಕೊಳ್ಳದ ಡ್ರೆಸ್ಸಿಂಗ್ ಹಾಕಿದರು. ಹೇಗೆ ಮಾಡಬೇಕು ಎಂದು ನಮಗೆ ತೋರಿಸುತ್ತಲೇ ಹಾಕಿದರು. ಮರುದಿನ ಅವರ ಬೆರಳು ಖಾಲಿ. ಉಂಗುರ ಎದೆಯ ಹತ್ತಿರ, ವಾಚಿನ ಪಕ್ಕ ಸೇಫ್ಟಿ ಪಿನ್ನಿನಲ್ಲಿ ಇತ್ತು. ನಾನು ಅಲ್ಲಿ ಇದ್ದಷ್ಟು ದಿನವೂ ಅಲ್ಲಿಯೇ ಇತ್ತು. ಅವರಿಗೆ ಯಾರೂ ದಂಡ ಹಾಕಿರಲಿಲ್ಲ.

ಅದಾದ ಮೇಲೆ ಪಟ್ಟಿಯ ಒಂದೊಂದು ಸಾಲಿಗೂ ನಾನು ಒಳಗೊಳಗೇ ಒಂದು ಪರೀಕ್ಷೆ ಇಡಲು ಶುರು ಮಾಡಿದೆ: ಇದನ್ನು ಮೀರಿದರೆ ಆ ಅಜ್ಜಿಗೆ ಏನಾಗುತ್ತದೆ? ಆಶ್ಚರ್ಯ ಅಂದರೆ ಅರ್ಧಕ್ಕೆ ಅರ್ಧ ನಿಯಮ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಕೈಯಲ್ಲಿ ಹೆಚ್ಚಿನ ಕ್ರಿಮಿ ಇರುವುದು ಉಗುರಿನ ಅಡಿಯಲ್ಲಿ. ಉಂಗುರದ ಕೆಳಗಿನ ಚರ್ಮಕ್ಕೆ ನೀರು, ಸೋಪು ಸರಿಯಾಗಿ ಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಕೈ ಸ್ವಚ್ಛತೆಯ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಉಗುರಿನ ತುದಿ ಅರ್ಧ ಸೆಂಟಿಮೀಟರಿಗಿಂತ ಕಡಿಮೆ ಇರಬೇಕು, ಕೃತಕ ಉಗುರು ಕೂಡದು ಎಂದಿದೆ. ಕೈಗಡಿಯಾರ ಕಟ್ಟದೆ ಎದೆಗೆ ತಲೆಕೆಳಗಾಗಿ ಸಿಕ್ಕಿಸುವುದು ಯಾಕೆ? ಮಣಿಕಟ್ಟು ತೊಳೆಯಲು ಸಿಗಲಿ, ಒಂದು ಕೈ ರೋಗಿಯ ನಾಡಿಯ ಮೇಲಿರುವಾಗ ಕಣ್ಣಿಗೆ ಮುಳ್ಳು ಕಾಣಲಿ ಎಂದು. ಮುಚ್ಚಿದ ಶೂ ಯಾಕೆ? ಕೈತಪ್ಪಿ ಬಿದ್ದ ಸೂಜಿ ಕಾಲಿನ ಮೇಲೆಯೇ ಬೀಳುತ್ತದೆ. ಮಲ್ಲಿಗೆ ಕೂಡ ಪಾಸು, ಹೇಳಲು ಬೇಸರವಾದರೂ. ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುವವರ ಹತ್ತಿರ ಒಮ್ಮೆ ಮಲ್ಲಿಗೆ ಮುಡಿದು ಹೋಗಿ ನೋಡಿ, ವಾಸನೆಗೇ ವಾಂತಿ ಬರುತ್ತದೆ ಅವರಿಗೆ. ನಮ್ಮ ಅಜ್ಜಿಯ ಅಬ್ಬಲಿಗೆಗೆ ಪರಿಮಳ ಇಲ್ಲ, ಆದರೂ ಎಸಳು ಉದುರುತ್ತದಲ್ಲ.

ಪಾಸಾಗದೆ ಉಳಿಯುವುದು ಎರಡು ಜಡೆ. ರಿಬ್ಬನ್ನಿನ ಬಣ್ಣ. ಶಾಲಿನ ಎರಡು ಪಿನ್ನು. ಭಾನುವಾರದ ಜೀನ್ಸು.

ಬೂದು ಬಟ್ಟೆ, ಕೆಂಪು ಅಕ್ಷರ

ಈ ಉಳಿದ ಅರ್ಧ ಎಲ್ಲಿಂದ ಬಂತು ಎಂದು ಹುಡುಕಿದರೆ ಕಾಲೇಜಿನವರನ್ನು ಸುಮ್ನೆ ಬೈಯಲೂ ಆಗುವುದಿಲ್ಲ. ಫ್ಲಾರೆನ್ಸ್ ನೈಟಿಂಗೇಲ್ 1854ರಲ್ಲಿ 38 ಮಂದಿ ಹೆಂಗಸರನ್ನು ಕಟ್ಟಿಕೊಂಡು ತುರ್ಕಿಯ ಸ್ಕುಟಾರಿಯ ಯುದ್ಧದ ಆಸ್ಪತ್ರೆಗೆ ಹೊರಟಾಗ ಇಂಗ್ಲೆಂಡಿನಲ್ಲಿ ನರ್ಸ್ ಅಂದರೆ ಕುಡುಕಿ, ನಡತೆ ಸರಿಯಿಲ್ಲದವಳು ಎಂಬ ಹೆಸರಿತ್ತು. ಗಂಡಸರೇ ತುಂಬಿದ ಸೈನ್ಯದ ಊರಿಗೆ ಹೋಗುವುದು ಬೇರೆ. ಹಾಗಾಗಿ ಕೂಲಿ ನರ್ಸುಗಳಿಗೆ ಬೂದು ಬಣ್ಣದ, ಯಾರಿಗೂ ಚಂದ ಕಾಣದ ಒಂದು ಬಟ್ಟೆ. ಹೆಗಲಿಗೆ ಕೆಂಪು ದಾರದಲ್ಲಿ ಸ್ಕುಟಾರಿ ಆಸ್ಪತ್ರೆ ಎಂದು ಹೊಲಿದ ಪಟ್ಟಿ. ಬಣ್ಣದ ರಿಬ್ಬನ್ನು ಇಲ್ಲ, ಹೂವು ಇಲ್ಲ. ಬೀದಿಯಲ್ಲಿ ಕಂಡವರು ಇವಳು ಯಾರೋ ಎಂತೋ ಎಂದು ಅನುಮಾನ ಪಡಬಾರದು, ಅಷ್ಟೇ. ಕ್ರಿಮಿಗೂ ಅದಕ್ಕೂ ಸಂಬಂಧ ಇಲ್ಲ. ಹಾಗೆಂದು ಆಕೆ ರೋಗಿಯನ್ನು ಮರೆತವಳೂ ಅಲ್ಲ. ರೇಷ್ಮೆ ಲಂಗದ ಸರಬರ, ಶೂವಿನ ಕಿರಕಿರ, ಬೀಗದ ಕೈಯ ಸದ್ದು ರೋಗಿಗೆ ಎಷ್ಟು ಹಿಂಸೆ ಎಂದು ಆಮೇಲೆ ಪುಸ್ತಕದಲ್ಲಿ ಬರೆದಿದ್ದಾಳೆ. ನಮ್ಮ ಪಟ್ಟಿಯ ಕಾಲ್ಗೆಜ್ಜೆಯ ಸಾಲು ಅಲ್ಲಿಂದಲೇ ಬಂದಿರಬಹುದು. 1860ರಲ್ಲಿ ಲಂಡನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವಳ ಹೆಸರಿನ ಶಾಲೆ ಶುರುವಾದಾಗ ಎರಡೂ ಜೊತೆಗೇ ಒಳಗೆ ಬಂದವು, ರೋಗಿಯ ನಿದ್ದೆಯೂ ಹುಡುಗಿಯ ಮಾನವೂ.

ನಮ್ಮಲ್ಲಿ ಇದಕ್ಕೆ ಇನ್ನೊಂದು ಪದರ ಸೇರಿತು. ಪರರ ಮಲ, ರಕ್ತ ಮುಟ್ಟುವ ಕೆಲಸ. ಜಾತಿಯ ಲೆಕ್ಕದಲ್ಲಿ ಮೈಲಿಗೆ. ಪರ ಗಂಡಸಿನ ಮೈ ಒರೆಸುವ ಕೆಲಸ, ಅದು ಇನ್ನೊಂದು ಥರದ ಮೈಲಿಗೆ. ಬಹಳ ಕಾಲ ಈ ಕೆಲಸಕ್ಕೆ ಬಂದದ್ದು ಕ್ರೈಸ್ತ ಹುಡುಗಿಯರು, ಕಲಿಸಿದ್ದು ಮಿಷನ್ ಆಸ್ಪತ್ರೆಗಳು. ಬೇರೆ ಮನೆಗಳಿಂದ ಹುಡುಗಿಯರು ಬರಬೇಕಿದ್ದರೆ ಅಪ್ಪಂದಿರಿಗೆ ಒಂದು ಗ್ಯಾರಂಟಿ ಬೇಕಾಯಿತು. ಎರಡು ಜಡೆ ಆ ಗ್ಯಾರಂಟಿ. ನಿಮ್ಮ ಮಗಳನ್ನು ಶಾಲೆಯ ಹುಡುಗಿಯಾಗಿಯೇ ಇಟ್ಟುಕೊಳ್ಳುತ್ತೇವೆ, ಹೆಂಗಸಾಗಲು ಬಿಡುವುದಿಲ್ಲ ಎಂದು. ಆ ಗ್ಯಾರಂಟಿ ಇಲ್ಲದಿದ್ದರೆ ಅಪ್ಪ ನನ್ನನ್ನು ಕಳಿಸುತ್ತಿದ್ದರಾ? ಅನುಮಾನ. ಅಂದರೆ ನಾನು ಇವತ್ತು ದುಡಿದು ತಿನ್ನುವ ಅನ್ನದಲ್ಲಿ ಆ ರಿಬ್ಬನ್ನಿನ ಪಾಲೂ ಉಂಟು. ಇದನ್ನು ಒಪ್ಪಿಕೊಂಡೇ ನನ್ನ ತಕರಾರು.

ಅಪ್ಪಂದಿರಿಗೆ ಬರೆದದ್ದನ್ನು ಅಪ್ಪಂದಿರಿಗೆ ಎಂದು ಹೇಳಿ ಬರೆಯಿರಿ. ಅದನ್ನು ಉಗುರಿನ ಜೊತೆ ಕಲಸಬೇಡಿ. ಕಲಸಿದರೆ ಏನಾಗುತ್ತದೆ ಎಂದು ನಾನು ನೋಡಿದ್ದೇನೆ. ಹದಿನೆಂಟರ ಹುಡುಗಿ ದಡ್ಡಿ ಅಲ್ಲ. ರಿಬ್ಬನ್ನಿನ ನಿಯಮಕ್ಕೆ ಕಾರಣ ಇಲ್ಲ ಎಂದು ಅವಳಿಗೆ ಒಂದೇ ವಾರದಲ್ಲಿ ಗೊತ್ತಾಗುತ್ತದೆ. ಆಮೇಲೆ ಉಗುರಿನ ನಿಯಮವೂ ಅಂಥದ್ದೇ ಇರಬೇಕು ಅಂದುಕೊಳ್ಳುತ್ತಾಳೆ. ಕೋರ್ಸು ಮುಗಿದ ದಿನ ಎರಡನ್ನೂ ಒಟ್ಟಿಗೆ ಬಿಡುತ್ತಾಳೆ. ಕೆಲಸಕ್ಕೆ ಸೇರಿದ ಮೊದಲ ಸಂಬಳದಲ್ಲಿ ಉಂಗುರ, ನೇಲ್ ಪಾಲಿಶ್, ಉದ್ದ ಉಗುರು. ನಾಲ್ಕು ವರ್ಷ ಕೈ ಚಾಚಿ ನಿಂತ ಸೇಡು ಅದು. ಅದರ ಫಲ ತಿನ್ನುವವರು ಮಾತ್ರ ಬೆಡ್ಡಿನ ಮೇಲಿದ್ದವರು.

ಇದು ನರ್ಸಿಂಗ್ ಕಾಲೇಜುಗಳ ಚಾಳಿ ಮಾತ್ರ ಎಂದುಕೊಳ್ಳಬೇಡಿ. ಹರಿಯಾಣ ಸರ್ಕಾರ 2023ರ ಫೆಬ್ರವರಿಯಲ್ಲಿ ತನ್ನ ಆಸ್ಪತ್ರೆಗಳ ಸಿಬ್ಬಂದಿಗೆ ಡ್ರೆಸ್ ಕೋಡ್ ತಂದಿತು. ಅದರಲ್ಲೂ ಉದ್ದ ಉಗುರು, ಜೀನ್ಸು, ಸ್ಕರ್ಟು, ಮೇಕಪ್ಪು, ಕೂದಲಿನ ಸ್ಟೈಲು ಎಲ್ಲ ಒಂದೇ ಬುಟ್ಟಿಯಲ್ಲಿ.

ಏಣಿ

ಇನ್ನೊಂದು ವಿಷಯ. ನಿಯಮ ಯಾವಾಗಲೂ ಏಣಿಯ ಕೆಳಗಿನ ಮೆಟ್ಟಿಲಿಗೆ. ವಿದ್ಯಾರ್ಥಿಗೆ ಎಲ್ಲವೂ, ಸ್ಟಾಫಿಗೆ ಅರ್ಧ, ಡಾಕ್ಟರಿಗೆ ಏನೂ ಇಲ್ಲ. ರೌಂಡ್ಸಿಗೆ ಬರುವ ದೊಡ್ಡ ಡಾಕ್ಟರ ಕೋಟಿನ ಉದ್ದ ತೋಳು ಒಂದು ಬೆಡ್ಡಿನಿಂದ ಇನ್ನೊಂದು ಬೆಡ್ಡಿಗೆ ಎಲ್ಲವನ್ನೂ ಒರೆಸಿಕೊಂಡು ಹೋಗುತ್ತದೆ. ಟೈ ನೇತಾಡುತ್ತದೆ, ವಾಚು ಮಿಂಚುತ್ತದೆ. ಹಿಂದೆ ಸಾಲಾಗಿ ನಾವು, ಬೋಳು ಕೈಯವರು. ಇದು ಹಳೇ ಕಥೆ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ಡಾಕ್ಟರಿಗೆ ಕಂಡದ್ದೂ ಇದೇ. ಹೆಣ ಕೊಯ್ದ ಕೈಯಲ್ಲಿ ಹೆರಿಗೆ ಮಾಡಿಸಲು ಬರುತ್ತಿದ್ದವರು ಡಾಕ್ಟರುಗಳು ಮತ್ತು ಅವರ ವಿದ್ಯಾರ್ಥಿಗಳು. ಸೂಲಗಿತ್ತಿಯರ ವಾರ್ಡಿನಲ್ಲಿ ಅಷ್ಟು ಸಾವು ಇರಲಿಲ್ಲ. ಆ ವರ್ಷ ಏಪ್ರಿಲ್‌ನಲ್ಲಿ ಡಾಕ್ಟರುಗಳ ವಾರ್ಡಿನಲ್ಲಿ ನೂರಕ್ಕೆ 18 ಬಾಣಂತಿಯರು ಸತ್ತಿದ್ದರು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಿರಿ ಎಂದು ಆತ ಹಟ ಹಿಡಿದ ಮೇಲೆ ಜೂನ್ ಹೊತ್ತಿಗೆ ಅದು ಸುಮಾರು 2ಕ್ಕೆ ಇಳಿಯಿತು. ಆದರೂ ದೊಡ್ಡವರು ಒಪ್ಪಲಿಲ್ಲ. ನಮ್ಮ ಕೈ ಕೊಳಕು ಅನ್ನುತ್ತೀಯಾ ಎಂದು ಸಿಟ್ಟು.

ಬ್ರಿಟನ್ನಿನಲ್ಲಿ 2007ರಲ್ಲಿ ಸರ್ಕಾರವೇ ಮೊಣಕೈ ಕೆಳಗೆ ಏನೂ ಬೇಡ ಎಂಬ ನೀತಿ ತಂದಿತು. ಡಾಕ್ಟರುಗಳ ಬಿಳಿ ಕೋಟು, ಉದ್ದ ತೋಳು, ಕೈಗಡಿಯಾರ ಎಲ್ಲ ಅದರಲ್ಲಿ ಹೋಯಿತು. ನನಗೆ ಹಿಡಿಸಿದ್ದು ಆ ನಿಯಮಕ್ಕೆ ಹಾಕಿದ ಗೆರೆ. ಮೊಣಕೈ. ಅದು ಗಂಡಸಿಗೂ ಉಂಟು, ಹೆಂಗಸಿಗೂ ಉಂಟು, ಡಾಕ್ಟರಿಗೂ ಉಂಟು.

2023ರ ಜೂನಿನಲ್ಲಿ ತಿರುವನಂತಪುರ ಮೆಡಿಕಲ್ ಕಾಲೇಜಿನ ಏಳು ಮುಸ್ಲಿಂ ವಿದ್ಯಾರ್ಥಿನಿಯರು ಆಪರೇಷನ್ ಥಿಯೇಟರಿನಲ್ಲಿ ಹಿಜಾಬಿನ ಬದಲು ಉದ್ದ ತೋಳಿನ ಸ್ಕ್ರಬ್ ಜಾಕೆಟ್ಟು, ತಲೆ ಮುಚ್ಚುವ ಸರ್ಜಿಕಲ್ ಹುಡ್ಡು ಹಾಕಲು ಅನುಮತಿ ಕೇಳಿ ಪ್ರಿನ್ಸಿಪಾಲರಿಗೆ ಪತ್ರ ಬರೆದಿದ್ದರು. ಟಿವಿಯವರು ಅದನ್ನು ದೊಡ್ಡ ವಿವಾದ ಮಾಡಿದರು. ಆದರೆ ವಾರ್ಡಿನ ಆ ಅಜ್ಜಿಯ ಪರೀಕ್ಷೆ ಇಟ್ಟು ನೋಡಿ, ಆ ಪತ್ರ ಎರಡು ಹೋಳಾಗುತ್ತದೆ. ತಲೆ ಮುಚ್ಚಿದರೆ ರೋಗಿಗೆ ಲಾಭವೇ, ಥಿಯೇಟರಿನಲ್ಲಿ ಹೇಗೂ ಎಲ್ಲರ ಕೂದಲೂ ಮುಚ್ಚಬೇಕು. ತೋಳಿನ ಮಾತು ಬೇರೆ, ಅಲ್ಲಿ ಮೊಣಕೈವರೆಗೆ ಉಜ್ಜಿ ತೊಳೆಯಲೇಬೇಕು. ಒಂದಕ್ಕೆ ಹೂಂ, ಇನ್ನೊಂದನ್ನು ಕೂತು ಮಾತಾಡಿ ಬಗೆಹರಿಸಬೇಕು. ಉಪ್ಪಳದ ನನ್ನ ರೂಂಮೇಟಿಗೆ ಇಷ್ಟು ಸಣ್ಣ ವಿವರಣೆಯನ್ನೂ ಯಾರೂ ಕೊಡಲಿಲ್ಲ.

ಹಿಂದೆ ನೋಡು

ಬಿಳಿ ಬಣ್ಣದ ಬಗ್ಗೆ ಒಂದು ಮಾತು ಹೇಳಲೇಬೇಕು. ಬಿಳಿಯಲ್ಲಿ ಕೊಳೆ ಕಾಣುತ್ತದೆ, ಬ್ಲೀಚ್ ಹಾಕಿ ಕುದಿಸಬಹುದು. ಒಳ್ಳೆಯ ಕಾರಣಗಳೇ. ಆದರೆ ತಿಂಗಳ ಮುಟ್ಟಿನ ದಿನಗಳಲ್ಲಿ ಹನ್ನೆರಡು ಗಂಟೆಯ ರಾತ್ರಿ ಡ್ಯೂಟಿಯನ್ನು ಬಿಳಿ ಬಟ್ಟೆಯಲ್ಲಿ ಮಾಡಿ ಎಂದು ಹೇಳಿದವರು ಹೆಂಗಸರನ್ನು ಕೇಳಿ ಹೇಳಿದ್ದಾ? ನಮ್ಮ ಬ್ಯಾಚಿನಲ್ಲಿ ಒಂದು ಕ್ರಮ ಇತ್ತು. ಕಾರಿಡಾರಿನಲ್ಲಿ ದಾಟುವಾಗ ಮೆಲ್ಲ "ಹಿಂದೆ ನೋಡು" ಅಂದರೆ ಸಾಕು. ಎದುರಿನವಳು ತಿರುಗಿ ನೋಡಿ, ಏನಿಲ್ಲ ಎಂದು ಕಣ್ಣಲ್ಲೇ ಹೇಳುತ್ತಿದ್ದಳು. ಇದ್ದರೆ ಫೈಲು ಹಿಡಿದು ಹಿಂದೆಯೇ ನಡೆದು ಬಾತ್‌ರೂಮಿನ ತನಕ ಬಿಡುತ್ತಿದ್ದಳು. ಮಾತಾಡದ ಹುಡುಗಿಯರೂ, ಜಗಳ ಆಡಿದವರೂ ಇದನ್ನು ಮಾತ್ರ ತಪ್ಪಿಸುತ್ತಿರಲಿಲ್ಲ. ಬೆಳಗ್ಗಿನ ತಪಾಸಣೆಯಲ್ಲಿ ಒಬ್ಬಳ ಬಲೆ ಸರಿಯಿಲ್ಲದಿದ್ದರೆ ನಾವು ಉಳಿದವರು ಹೇಳುತ್ತಿರಲಿಲ್ಲ, ನಮ್ಮ ಸರದಿ ದಾಟಿದರೆ ಸಾಕು ಅನ್ನಿಸುತ್ತಿತ್ತು. ಇಲ್ಲಿ ಹಾಗಲ್ಲ.

ಅದೇ ನೋಟ ನನಗೆ ಮತ್ತೆ ಸಿಕ್ಕಿದ್ದು 2020ರಲ್ಲಿ. ಫೆಬ್ರವರಿಯಲ್ಲಿ ಕಾಞಂಗಾಡಿನಲ್ಲಿ ದೇಶದ ಮೂರನೇ ಕೋವಿಡ್ ಕೇಸು. ಮಾರ್ಚಿನಲ್ಲಿ ತಲಪಾಡಿಯ ರಸ್ತೆ ಬಂದ್, ಒಳದಾರಿಗಳಿಗೆ ಮಣ್ಣು. ಮಂಗಳೂರಿನ ಡಯಾಲಿಸಿಸ್ಸಿಗೆ ಹೋಗುತ್ತಿದ್ದವರು ಇಲ್ಲಿ, ಮಂಗಳೂರಿಗೆ ಡ್ಯೂಟಿಗೆ ಹೋಗುತ್ತಿದ್ದ ನರ್ಸುಗಳು ಅಲ್ಲಿ ಇಲ್ಲಿ ಸಿಕ್ಕಿಬಿದ್ದರು. ಉಕ್ಕಿನಡ್ಕದಲ್ಲಿ ಅರ್ಧ ಕಟ್ಟಿದ್ದ ಮೆಡಿಕಲ್ ಕಾಲೇಜು ಏಪ್ರಿಲಿನಲ್ಲಿ ಕೋವಿಡ್ ಆಸ್ಪತ್ರೆಯಾಯಿತು. ನಮ್ಮ ಆಸ್ಪತ್ರೆಯಲ್ಲೂ ಪಿಪಿಇ ಕಿಟ್ಟು ಹಾಕುವುದನ್ನು, ಅದಕ್ಕಿಂತ ಮುಖ್ಯವಾಗಿ ತೆಗೆಯುವುದನ್ನು ಕಲಿಸಿದರು. ಮೊದಲು ಗ್ಲೌಸು, ಮಾಸ್ಕು ಕೊನೆಗೆ, ಪ್ರತಿ ಹಂತಕ್ಕೂ ಕೈಗೆ ಸ್ಯಾನಿಟೈಸರು. ಒಂಟಿಯಾಗಿ ತೆಗೆಯುವಂತಿಲ್ಲ, ಒಬ್ಬರು ಎದುರು ನಿಂತು ನೋಡುತ್ತಿರಬೇಕು. ಕೂದಲು ಹೊರಗೆ ಬಂದಿದೆ, ಮುಖ ಮುಟ್ಟಬೇಡ, ಈಗ ಕೈ ತೊಳೆ. ಆಗ ಯಾರಿಗೂ ಅವಮಾನ ಆಗಲಿಲ್ಲ. ಗುಂಗುರು ಕೂದಲಿಗೆ ಎರಡು ಟೋಪಿ ಹಾಕಿದರು, ಮುಗಿಯಿತು. ಗಡ್ಡದ ಹುಡುಗರು ತಾವಾಗಿ ಬೋಳಿಸಿಕೊಂಡರು, ಯಾಕೆಂದರೆ ಗಡ್ಡ ಇದ್ದರೆ ಎನ್-95 ಮಾಸ್ಕು ಮುಖಕ್ಕೆ ಕೂರುವುದಿಲ್ಲ ಎಂದು ತೋರಿಸಿಕೊಟ್ಟಿದ್ದರು. ಬೆನ್ನ ಮೇಲೆ ಮಾರ್ಕರಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದೆವು, ಕೆಲವರು ಮಲಯಾಳದಲ್ಲಿ, ನಾನು ಕನ್ನಡದಲ್ಲೂ.

ಈಗ ಪೋಸ್ಟಿಂಗಿಗೆ ಬರುವ ಮಕ್ಕಳಿಗೆ ನಾನು ಮೊದಲ ದಿನ ಕೈಗೆ ಒಂದು ಜೆಲ್ ಹಚ್ಚಲು ಹೇಳುತ್ತೇನೆ. ತೊಳೆದು ಬಂದ ಮೇಲೆ ನೇರಳೆ ದೀಪದ ಕೆಳಗೆ ಹಿಡಿಯಬೇಕು. ಸರಿಯಾಗಿ ತೊಳೆಯದೆ ಬಿಟ್ಟಲ್ಲಿ ಹೊಳೆಯುತ್ತದೆ. ಹೆಬ್ಬೆರಳು, ಬೆರಳ ತುದಿ, ಉಗುರಿನ ಸುತ್ತ, ಉಂಗುರ ಇದ್ದಲ್ಲಿ ಒಂದು ಬಳೆಯಷ್ಟು ಬೆಳಕು. ಅವರು ಒಬ್ಬರ ಕೈ ಒಬ್ಬರು ಹಿಡಿದು ನೋಡುತ್ತಾರೆ, ನಗುತ್ತಾರೆ, ಮರುದಿನ ಉಗುರು ಇರುವುದಿಲ್ಲ. ಕರಿಮಣಿ ಏನು ಮಾಡುವುದು ಸಿಸ್ಟರ್ ಎಂದು ಮದುವೆಯಾದವರು ಕೇಳುತ್ತಾರೆ. ಕೋಟಿನ ಒಳಗೆ ಹಾಕು, ಬಗ್ಗುವಾಗ ನೇತಾಡಬಾರದು ಅನ್ನುತ್ತೇನೆ. ಅಷ್ಟಕ್ಕೇ ಮುಗಿಯುತ್ತದೆ.

ಕಳೆದ ಬ್ಯಾಚಿನ ಒಬ್ಬಳು ಮಾತ್ರ ಅಷ್ಟಕ್ಕೇ ಬಿಡಲಿಲ್ಲ. ಬದಿಯಡ್ಕ ಕಡೆಯವಳು, ಚೂಟಿ. "ಸಿಸ್ಟರ್, ಉಗುರು ಗೊತ್ತಾಯಿತು. ಕ್ಲಾಸಿಗೆ ಜಡೆ ಎರಡೇ ಯಾಕೆ? ಒಂದಾದರೆ ಯಾರಿಗೆ ಎಂತ ಆಗ್ತದೆ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಟ್ಯೂಟರ್ ಹತ್ತಿರವೇ ಕೇಳು ಅಂದೆ. ನಿಜವಾಗಿಯೂ ಹೋಗಿ ಕೇಳಿದಳಂತೆ. ಮನೆಯವರನ್ನು ಕರೆದುಕೊಂಡು ಬಾ ಅಂದರಂತೆ. ಅವಳ ಅಪ್ಪ ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ಹೋದರು. ಮಗಳ ಪರ ಒಂದು ಮಾತು ಆಡಬಹುದು ಎಂದು ಅವಳು ಕಾದು ನಿಂತಿದ್ದಳು. ಅವರು ಟ್ಯೂಟರಿಗೆ ಕೈಮುಗಿದು, "ನೀವು ಹೀಗೇ ಬಿಗಿ ಇಡಿ, ಮೇಡಂ" ಎಂದು ಹೇಳಿ ಬಂದರು.